ಇಪ್ಪತ್ತಮೂರು ವರ್ಷ ತಡವಾಗಿ ಬಂದ ಸುದ್ದಿ

(ಕುಟ್ಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಕುಟ್ಟದ ಮಗ್ಗುಲಲ್ಲೇ, ಇರ್ಪುವಿನಲ್ಲಿ, ಲಕ್ಷ್ಮಣತೀರ್ಥ ಬ್ರಹ್ಮಗಿರಿಯಿಂದ ಧುಮುಕುತ್ತದೆ. ಸೀತೆಯನ್ನು ಹುಡುಕುತ್ತ ಅಣ್ಣತಮ್ಮಂದಿರು ಈ ಬೆಟ್ಟಸಾಲಿಗೆ ಬಂದರಂತೆ, ರಾಮನಿಗೆ ಬಾಯಾರಿತಂತೆ, ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ತರಿಸಿದನಂತೆ. ಶಿವರಾತ್ರಿಗೆ ಇಲ್ಲಿನ ರಾಮೇಶ್ವರ ದೇವಸ್ಥಾನಕ್ಕೆ ಬರುವವರೆಲ್ಲ ಬಲ್ಲ ಕಥೆ ಇದು. ಇದೇ ನೀರಿಗೆ ಇನ್ನೊಂದು ಕಥೆಯೂ ಉಂಟು. ಅದರಲ್ಲಿ ಲಕ್ಷ್ಮಣ ಸಿಟ್ಟಿನ ಭರದಲ್ಲಿ ಅಣ್ಣನಿಗೆ ಆಡಬಾರದ ಮಾತು ಆಡಿಬಿಡುತ್ತಾನೆ. ಆಮೇಲೆ ತನ್ನ ಮಾತಿಗೆ ತಾನೇ ಬೆಂದು ಬೆಂಕಿ ಹೊತ್ತಿಸಿ ಅದಕ್ಕೆ ಹಾರಲು ಹೊರಡುತ್ತಾನೆ. ಆ ಬೆಂಕಿಯನ್ನು ಆರಿಸಿದ ನೀರೇ ಹೊಳೆಯಾಗಿ ಹರಿಯಿತು ಎನ್ನುತ್ತದೆ ಆ ಕಥೆ.

ಎರಡನೆಯ ಕಥೆಗೆ ಮನುಷ್ಯರ ಒಳಗು ಹೆಚ್ಚು ಗೊತ್ತಿದೆ. ಅಣ್ಣನ ಹಿಂದೆ ಕಾಡಿಗೆ ನಡೆದವನಿಗೂ ಒಂದು ಗಳಿಗೆ ಸಾಕಪ್ಪಾ ಅನ್ನಿಸಿತ್ತು ಎಂದು ಅದು ಒಪ್ಪಿಕೊಳ್ಳುತ್ತದೆ. ನಿಷ್ಠೆ ಹುಟ್ಟಿನಿಂದ ಬಂದ ಗುಣವಾಗಿದ್ದರೆ ಅದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ಮುರಿದು ಮತ್ತೆ ಕಟ್ಟಿಕೊಂಡ ನಿಷ್ಠೆಯ ಹೆಸರಿನಲ್ಲಿ ಇಲ್ಲಿ ಒಂದು ಹೊಳೆ ಹರಿಯುತ್ತಿದೆ.

ಲಕ್ಷ್ಮಣನ ಮನೆಯಲ್ಲಿ ಊರ್ಮಿಳೆ ಇದ್ದಳು. ಆಂಧ್ರದ ಹೆಂಗಸರು ತಲೆಮಾರುಗಳಿಂದ ಹಾಡಿಕೊಂಡು ಬಂದ ಹಾಡೊಂದರಲ್ಲಿ ಆಕೆ ಗಂಡ ಕಾಡಿಗೆ ಹೋದಂದಿನಿಂದ ಹದಿನಾಲ್ಕು ವರ್ಷ ನಿದ್ದೆ ಮಾಡುತ್ತಾಳೆ. ಯುದ್ಧ ಮುಗಿಸಿ ಬಂದ ಲಕ್ಷ್ಮಣ ಅವಳ ಕೋಣೆಗೆ ಹೋಗಿ ಎಬ್ಬಿಸಿದರೆ ಅವಳಿಗೆ ಗುರುತೇ ಹತ್ತುವುದಿಲ್ಲ. ಯಾರೋ ಪರಪುರುಷ ಒಳಗೆ ನುಗ್ಗಿದ ಎಂದು ಹೆದರಿ ಗದರುತ್ತಾಳೆ. ಹೋದವನಿಗೆ ಹದಿನಾಲ್ಕು ವರ್ಷ ಕಳೆದಿದೆ, ಮಲಗಿದವಳಿಗೆ ಒಂದು ರಾತ್ರಿ. ಗಂಡಹೆಂಡಿರ ನಡುವೆ ಕಾಲವೇ ಅಡ್ಡ ನಿಂತಿದೆ. ಹಾಡು ಕಟ್ಟಿದ ಹೆಂಗಸರು ಕಾಲಯಾನದ ಹೆಸರು ಕೇಳಿದವರಲ್ಲ. ಯುದ್ಧಕ್ಕೆ ಹೋದವನ ಗಡಿಯಾರವೂ ಮನೆಯಲ್ಲಿ ಉಳಿದವಳ ಗಡಿಯಾರವೂ ಒಂದೇ ಹೊತ್ತು ತೋರಿಸುವುದಿಲ್ಲ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾಲಯಾನದ ಕಥೆ ಎಂದರೆ ಯಂತ್ರವೇ ಬೇಕೆಂದು ಇಂದಿನ ಓದುಗ ತಿಳಿಯುತ್ತಾನೆ. ನಮ್ಮ ಪುರಾಣಗಳಿಗೆ ಯಂತ್ರದ ಹಂಗಿಲ್ಲ. ಭಾಗವತದ ಒಂಬತ್ತನೆಯ ಸ್ಕಂಧದಲ್ಲೂ ವಿಷ್ಣುಪುರಾಣದಲ್ಲೂ ಕುಶಸ್ಥಲಿಯ ಅರಸ ಕಕುದ್ಮಿಯ ಕಥೆ ಬರುತ್ತದೆ. ಮಗಳು ರೇವತಿಗೆ ಯಾವ ವರ ತಕ್ಕವನೆಂದು ತಿಳಿಯದೆ, ಅವಳನ್ನೇ ಕರೆದುಕೊಂಡು ಬ್ರಹ್ಮನ ಬಳಿಗೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆದಿತ್ತು. ಮುಗಿಯಲಿ ಎಂದು ಅಪ್ಪಮಗಳು ಸ್ವಲ್ಪ ಹೊತ್ತು ಕಾದರು. ಹಾಡು ಮುಗಿದ ಮೇಲೆ ತನ್ನ ಮನಸ್ಸಿನಲ್ಲಿದ್ದ ವರಗಳ ಹೆಸರು ಹೇಳಿದರೆ ಬ್ರಹ್ಮ ನಕ್ಕ. ಅವರು ಕಾದ ಅಷ್ಟು ಹೊತ್ತಿಗೆ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಉರುಳಿಹೋಗಿದ್ದವು. ಒಂದು ಚತುರ್ಯುಗಕ್ಕೆ 43,20,000 ವರ್ಷದ ಲೆಕ್ಕ ಹಿಡಿದರೆ 11 ಕೋಟಿ 66 ಲಕ್ಷದ 40 ಸಾವಿರ ವರ್ಷ. ಆ ವರಗಳ ಮಕ್ಕಳು ಮೊಮ್ಮಕ್ಕಳಿರಲಿ, ಅವರ ಗೋತ್ರದ ಹೆಸರೂ ಭೂಮಿಯಲ್ಲಿ ಉಳಿದಿರಲಿಲ್ಲ.

ಕಥೆಯ ನೋವು ಇರುವುದು ಊರಲ್ಲಿ. ರಾಜ ಇಲ್ಲದ ಹೊತ್ತಿನಲ್ಲಿ ರಾಕ್ಷಸರು ಕುಶಸ್ಥಲಿಯ ಮೇಲೆ ಬಿದ್ದರು, ಅವನ ನೂರು ಮಂದಿ ತಮ್ಮಂದಿರು ದಿಕ್ಕುದಿಕ್ಕಿಗೆ ಓಡಿಹೋದರು ಎನ್ನುತ್ತದೆ ವಿಷ್ಣುಪುರಾಣ. ಮಗಳ ಮದುವೆಗೆಂದು ಹೊರಟವನು ಒಡಹುಟ್ಟಿದವರನ್ನೆಲ್ಲ ಕಳೆದುಕೊಂಡ. ಮರಳಿ ಬಂದಾಗ ಹಳೆಯ ಊರಿನ ಜಾಗದಲ್ಲಿ ದ್ವಾರಕೆ ಎದ್ದಿತ್ತು. ಬ್ರಹ್ಮ ಹೇಳಿದಂತೆ ರೇವತಿಯನ್ನು ಬಲರಾಮನಿಗೆ ಕೊಟ್ಟು ತಾನು ತಪಸ್ಸಿಗೆ ಹೊರಟುಹೋದ. ಹಳೆಯ ಯುಗದ ಹೆಣ್ಣು ಹೊಸ ಯುಗದ ಗಂಡಿಗಿಂತ ಬಹಳ ಎತ್ತರ ಇದ್ದಳಂತೆ. ಬಲರಾಮ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ ತನ್ನ ಕಾಲಕ್ಕೆ ಹೊಂದಿಸಿಕೊಂಡನಂತೆ.

ಈ ಬಲರಾಮ ಮುಂದೆ ಏನು ಮಾಡಿದ ಎಂಬುದು ಮಹಾಭಾರತ ಬಲ್ಲ ಎಲ್ಲರಿಗೂ ಗೊತ್ತು. ಕುರುಕ್ಷೇತ್ರದ ಎರಡೂ ಕಡೆ ಅವನ ನಂಟರು. ಗದೆ ಹಿಡಿಯಲು ಕಲಿತ ಭೀಮನೂ ಅವನ ಶಿಷ್ಯ, ದುರ್ಯೋಧನನೂ ಶಿಷ್ಯ. ತಮ್ಮ ಕೃಷ್ಣ ಒಂದು ಕಡೆ ನಿಂತಾಗ ಬಲರಾಮ ಯಾವ ಕಡೆಯೂ ನಿಲ್ಲದೆ ತೀರ್ಥಯಾತ್ರೆಗೆ ಹೊರಟ. ಎಲ್ಲರನ್ನೂ ಒಂದೇ ಬಾರಿಗೆ ಕಳೆದುಕೊಂಡು ಬಂದ ಹೆಣ್ಣನ್ನು ಕೈಹಿಡಿದವನೇ ತನ್ನವರ ಮೇಲೆ ಆಯುಧ ಎತ್ತಲಾರೆ ಎಂದ. ಪುರಾಣ ಈ ಎರಡು ಎಳೆಗಳನ್ನು ಎಲ್ಲೂ ಗಂಟು ಹಾಕುವುದಿಲ್ಲ. ಆದರೂ ಕೂಡಿಸಿ ಓದಿದರೆ ರೇವತಿಯ ಮನೆಯಲ್ಲಿ ಯುದ್ಧದ ಮಾತು ಹೇಗೆ ಕೇಳಿಸಿರಬಹುದು ಎಂದು ಯೋಚಿಸದೆ ಇರಲಾಗುವುದಿಲ್ಲ.

ವಿಜ್ಞಾನವೂ ಕಕುದ್ಮಿಯ ದಾರಿಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತ ಮುಂದಿಟ್ಟರು. 1911ರಲ್ಲಿ ಫ್ರಾನ್ಸಿನ ಪಾಲ್ ಲಾಂಜ್ವಾ, ಬೆಳಕಿನ ವೇಗದ ಹತ್ತಿರದ ವೇಗದಲ್ಲಿ ಹೋಗಿ ಮರಳುವ ಯಾತ್ರಿಕನಿಗೆ ಎರಡೇ ವರ್ಷ ಕಳೆದಿದ್ದರೂ ಭೂಮಿಯಲ್ಲಿ ತಲೆಮಾರುಗಳೇ ಆಗಿಹೋಗಿರುತ್ತವೆ ಎಂದು ತೋರಿಸಿದರು. 1971ರ ಅಕ್ಟೋಬರ್‌ನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ನಾಲ್ಕು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಹೊತ್ತು ಭೂಮಿ ಸುತ್ತಿ ಬಂದರು. ಪೂರ್ವಕ್ಕೆ ಹಾರಿದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಹಾರಿದವು ಸುಮಾರು 273 ನ್ಯಾನೊಸೆಕೆಂಡ್ ಮುಂದೆ ಹೋದವು. ಹೋದವರ ಕಾಲ ಬೇರೆ, ಇದ್ದವರ ಕಾಲ ಬೇರೆ ಎಂಬುದು ಅಳತೆಗೆ ಸಿಕ್ಕಿತು. ಯುದ್ಧಕ್ಕೆ ಹೋದವರ ಮನೆಯವರಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ. ಅವರ ಅಂತರ ವರ್ಷಗಳಲ್ಲಿ ಬೀಳುತ್ತದೆ.

ಜಪಾನಿನ ಸೈನಿಕ ಹಿರೋ ಒನೊಡಾ ಅವರದು ಆ ಬಗೆಯ ಬದುಕು. 1944ರ ಕೊನೆಯಲ್ಲಿ ಅವರನ್ನು ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪಕ್ಕೆ ಕಳಿಸಿ, ಯಾವ ಕಾರಣಕ್ಕೂ ಶರಣಾಗಬಾರದು ಎಂದು ಆಜ್ಞೆ ಕೊಟ್ಟರು. 1945ರಲ್ಲಿ ಯುದ್ಧ ಮುಗಿಯಿತು. ಒನೊಡಾ ಕಾಡಿನಲ್ಲೇ ಉಳಿದರು. 1952ರಲ್ಲಿ ವಿಮಾನದಿಂದ ಮನೆಯವರ ಪತ್ರ, ಫೋಟೊ ಉದುರಿಸಿದರು. ಒನೊಡಾ ಅದು ಶತ್ರುಗಳ ಕುತಂತ್ರ ಎಂದುಕೊಂಡರು. ಒಡಹುಟ್ಟಿದ ಅಣ್ಣನೇ ಬಂದು ಧ್ವನಿವರ್ಧಕದಲ್ಲಿ ಕರೆದ. ಯಾರೋ ಅವನ ದನಿ ಅನುಕರಿಸುತ್ತಿದ್ದಾರೆ ಎಂದು ಮುಂದೆ ಬರಲಿಲ್ಲ. ಕಡೆಗೆ 1974ರ ಮಾರ್ಚ್‌ನಲ್ಲಿ ಹಳೆಯ ಮೇಲಧಿಕಾರಿಯನ್ನೇ ಹುಡುಕಿ ಕರೆತಂದು ಆಜ್ಞೆ ವಾಪಸು ತೆಗೆಸಿದ ಮೇಲೆ ಬಂದೂಕು ಕೆಳಗಿಟ್ಟರು. ಈ ನಡುವೆ ದ್ವೀಪದ ಬಡ ರೈತರು ಅವರ ಗುಂಡಿಗೆ ಸತ್ತಿದ್ದರು. ಒನೊಡಾ ಅವರ ನಿಷ್ಠೆಯನ್ನು ಹೊಗಳುವವರು ಆ ರೈತರನ್ನು ಮರೆಯಬಾರದು. ಅಣ್ಣನ ಕರೆಗಿಂತ ಆಜ್ಞೆಯ ಕಾಗದವೇ ದೊಡ್ಡದಾದಾಗ ಇಪ್ಪತ್ತೊಂಬತ್ತು ವರ್ಷ ಹೀಗೆ ಹೋಗಿಬಿಡುತ್ತದೆ. ಮರಳಿದ ಜಪಾನ್ ಅವರಿಗೆ ಒಗ್ಗಲಿಲ್ಲ. 1975ರಲ್ಲಿ ಅಣ್ಣನೊಬ್ಬ ನೆಲೆಸಿದ್ದ ಬ್ರೆಜಿಲ್‌ಗೆ ಹೋಗಿ ದನ ಸಾಕಿದರು.

ಇನ್ನು ಕೊಡಗಿನ ಮಾತು.

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ಕಾಲ. ಗದ್ದೆ ನಾಟಿ ಮುಗಿದಿರುತ್ತದೆ. ಕೋವಿ, ಒಡಿಕತ್ತಿಗಳನ್ನು ತೊಳೆದು, ತೋಕ್‌ಪೂ ಹೂ ಸಿಕ್ಕಿಸಿ, ಮನೆತನದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ಇಟ್ಟು, ಮೂಲಪುರುಷರಾದ ಕಾರೋಣರನ್ನು ನೆನೆಯುತ್ತಾರೆ. 1965ರಲ್ಲಿ, ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿದ್ದಾಗ, ಆ ವಾರ ಇನ್ನೂ ಕಳೆಯುವ ಮೊದಲೇ ಕೊಡಗಿನ ಒಬ್ಬ ಮಗ ಪಂಜಾಬಿನ ಆದಂಪುರದಲ್ಲಿ ವಿಮಾನ ಹತ್ತುತ್ತಿದ್ದರು. ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನವರು, ಎಳೆಯರಿಗೆ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಸೆಪ್ಟೆಂಬರ್ 7ರ ಬೆಳಗಿನ ಜಾವ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧಾದ ಮೇಲೆ ದಾಳಿಗೆ ಹೋಗಬೇಕಿತ್ತು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಜಾಗ ತುಂಬಲು ಅವರನ್ನು ಕಾಯ್ದಿರಿಸಿದ್ದರು. ಒಂದು ಕೈಕೊಟ್ಟಿತು, ದೇವಯ್ಯ ಹೊರಟರು. ಸರ್ಗೋಧಾ ಮಿಸ್ಟೇರ್‌ಗೆ ದೂರದ ದಾರಿ. ಹೋಗಿ ಬರಲು ಇಂಧನ ತಕ್ಕಷ್ಟೇ ಇತ್ತು. ನಡುವೆ ಆಕಾಶದಲ್ಲಿ ಕಾದಾಡುತ್ತ ನಿಂತರೆ ಮನೆ ಮುಟ್ಟುವುದು ಅನುಮಾನ.

ಅವರನ್ನು ಅಡ್ಡಗಟ್ಟಿದ್ದು ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗಕ್ಕೆ ಹಾರಬಲ್ಲ, ಅಮೆರಿಕ ಕೊಟ್ಟ ವಿಮಾನ, ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅದರ ಪೈಲಟ್. ಮಿಸ್ಟೇರ್‌ಗೆ ಏಟು ಬಿತ್ತು. ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಸ್ಟಾರ್‌ಫೈಟರ್‌ನ ಬೆನ್ನು ಹತ್ತಿದರು, ಹೊಡೆದರು. ಅಮ್ಜದ್ ಹುಸೇನ್ ಹೊರಗೆ ಜಿಗಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ಜೊತೆಗೆ ಹೋದವರು ಯಾರೂ ಈ ಕಾಳಗವನ್ನು ಕಣ್ಣಾರೆ ಕಂಡಿರಲಿಲ್ಲ. ಇತ್ತ ಕಡತದಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಮಾತು.

ಕಾಣೆಯಾದವನ ಮನೆಯಲ್ಲಿ ಕಾಲ ಹೇಗೆ ನಡೆಯುತ್ತದೆ? ಸತ್ತ ಸುದ್ದಿ ಬಂದರೆ ಕರ್ಮ ಮಾಡಬಹುದು. ಕುಟ್ಟದ ದಾರಿಯಾಗಿ ತೋಲ್ಪೆಟ್ಟಿ ದಾಟಿ ತಿರುನೆಲ್ಲಿಗೆ ಹೋಗಿ ಪಾಪನಾಶಿನಿಯಲ್ಲಿ ಪಿಂಡ ಬಿಡುವುದು ಕೊಡಗಿನವರಿಗೆ ಹೊಸತಲ್ಲ. ಸೆರೆ ಸಿಕ್ಕಿದ್ದಾನೆಂದು ಗೊತ್ತಾದರೆ ಕಾಯಬಹುದು. ಎರಡೂ ಇಲ್ಲದವರು ಕ್ಯಾಲೆಂಡರ್ ಹರಿದರೂ ಅದೇ ದಿನದಲ್ಲಿ ನಿಂತಿರುತ್ತಾರೆ. ಮಕ್ಕಳು ಮಾತ್ರ ಬೆಳೆಯುತ್ತಿರುತ್ತಾರೆ, ಶಾಲೆಗೆ ಫೀಸು ಕಟ್ಟಬೇಕು, ನಂಟರ ಮದುವೆಗೆ ಹೋಗಬೇಕು. ಹೀಗೆ ಎರಡು ಕಾಲಗಳನ್ನು ಒಂದೇ ಮೈಯಲ್ಲಿ ಹೊತ್ತು ನಡೆಯುವುದನ್ನು ಯಾವ ಪದಕವೂ ಗುರುತಿಸುವುದಿಲ್ಲ.

ಸುದ್ದಿ ಬಂದದ್ದು ಎಣಿಸದ ಕಡೆಯಿಂದ. 1979ರಲ್ಲಿ ಇಂಗ್ಲೆಂಡಿನ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ವಾಯುಕಾಳಗಗಳ ಬಗ್ಗೆ ಪುಸ್ತಕ ಬರೆದರು. ಅದಕ್ಕೆ ಬೇಕಾದ ಮಾಹಿತಿ ಸಿಕ್ಕಿದ್ದು ಪಾಕಿಸ್ತಾನದ ಕಡೆಯಿಂದಲೇ. ಸೆಪ್ಟೆಂಬರ್ 7ರ ಬೆಳಿಗ್ಗೆ ತಮ್ಮ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಜೊತೆಗಿನ ಹೋರಾಟದಲ್ಲಿ ಬಿತ್ತು ಎಂಬ ಸಂಗತಿ ಅದರಲ್ಲಿತ್ತು. ಆ ಹೊತ್ತಿನಲ್ಲಿ ಆ ಆಕಾಶದಲ್ಲಿ ಕಳೆದುಹೋದ ಮಿಸ್ಟೇರ್ ಒಂದೇ. ಹಾಗಾದರೆ ಅದನ್ನು ಬೀಳಿಸಿದವರು ದೇವಯ್ಯನವರೇ ಎಂದು ಇಲ್ಲಿನವರಿಗೆ ಹೊಳೆಯಿತು. ತನೇಜಾ ತಮ್ಮ ಹುಡುಗನಿಗೆ ಸಲ್ಲಬೇಕಾದ ಮರ್ಯಾದೆಗಾಗಿ ಮೇಲಿನವರಿಗೆ ಬರೆದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಸತ್ತ ಇಪ್ಪತ್ತಮೂರು ವರ್ಷಕ್ಕೆ ಹೆಂಡತಿ ಅದನ್ನು ಸ್ವೀಕರಿಸಿದರು. ದೇವಯ್ಯನವರ ದೇಹವನ್ನು ಅಲ್ಲಿನ ಹಳ್ಳಿಯವರು ಹೊಲದಲ್ಲೇ ಮಣ್ಣು ಮಾಡಿದ್ದರೆಂಬ ವರ್ತಮಾನವೂ ಗಡಿಯಾಚೆಯಿಂದಲೇ ಬಂತು.

ಶತ್ರುವಿನ ಸಾಕ್ಷಿಯಿಂದ ಗಂಡನ ಕೊನೆಯ ಗಳಿಗೆ ತಿಳಿಯುವುದು ಎಂಥ ಅನುಭವ! ಅಷ್ಟು ವರ್ಷ ಇಲ್ಲದಿದ್ದ ಆ ಬೆಳಗು ಒಮ್ಮೆಲೇ ಮನೆಯ ನಡುವೆ ಬಂದು ನಿಲ್ಲುತ್ತದೆ. ಮೂವತ್ತು ದಾಟಿದ್ದ ಗಂಡ ಆ ವಯಸ್ಸಿನಲ್ಲೇ ಉಳಿದಿದ್ದಾನೆ, ಹೆಂಡತಿಯ ತಲೆಗೂದಲು ನೆರೆತಿದೆ. ರೇವತಿಯ ಕಥೆ ತಿರುವುಮುರುವಾದಂತೆ. ಇಲ್ಲಿ ನೆನೆದು ಸುಮ್ಮನಾಗಬಾರದ ಮಾತೂ ಒಂದಿದೆ. ಪರದೇಶದ ಒಬ್ಬರು ಪುಸ್ತಕ ಬರೆಯುವವರೆಗೆ ಈ ಮನೆ ಕಾಯಬೇಕಾಯಿತು. ಯುದ್ಧಕ್ಕೆ ಕಳಿಸಿದ ದೇಶ, ಕಳಿಸಿದವನ ಕೊನೆಯ ಗಳಿಗೆಯನ್ನು ತಾನೇ ಹುಡುಕಿ ಮನೆಯವರಿಗೆ ತಲುಪಿಸಬೇಕು. ಇದು ಸಾಲ, ಉಪಕಾರವಲ್ಲ. ಮಡಿಕೇರಿಯಲ್ಲಿ ಈಗ ದೇವಯ್ಯನವರ ಪ್ರತಿಮೆ ಇದೆ. 2025ರಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ಅವರ ಕಥೆಯಿಂದಲೇ ಹುಟ್ಟಿದ್ದು. ಕೊಡಗಿನ ಹೊರಗೆ ಅವರ ಹೆಸರು ತಿಳಿದವರು ಹೆಚ್ಚಿದ್ದಾರೆ.

ಅದೇ ಯುದ್ಧದ ಕೊನೆಯಲ್ಲಿ ಕೊಡಗಿನ ಇನ್ನೊಂದು ಮನೆಗೆ ಬೇರೆ ಬಗೆಯ ಪರೀಕ್ಷೆ ಬಂತು. ಕದನವಿರಾಮಕ್ಕೆ ಒಂದು ದಿನ ಇದೆ ಅನ್ನುವಾಗ, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನದ ಪೈಲಟ್ ಕೆ.ಸಿ. ನಂದಾ ಕಾರಿಯಪ್ಪ ನೆಲದಿಂದ ಬಂದ ಗುಂಡಿಗೆ ಸಿಕ್ಕಿ, ಜಿಗಿದು, ಗಾಯಗೊಂಡು ಸೆರೆಯಾದರು. ಭಾರತ ಸೇನೆಯ ಮೊದಲ ಭಾರತೀಯ ದಂಡನಾಯಕ ಜನರಲ್ ಕೆ.ಎಂ. ಕಾರಿಯಪ್ಪನವರ ಒಬ್ಬನೇ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಇದೇ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಬೇಕಿದ್ದರೆ ಮಗನನ್ನು ಬಿಟ್ಟುಕೊಡುತ್ತೇನೆ ಎಂದು ಹೇಳಿ ಕಳಿಸಿದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಮಡಿಕೇರಿಯಿಂದ ಹೋಯಿತು.

ಈ ಪ್ರಸಂಗ ಶಾಲೆಯ ಭಾಷಣಗಳಲ್ಲಿ ಸವೆದುಹೋಗಿದೆ. ಹಾಗೆ ಹೇಳುವಾಗ ಅಪ್ಪನ ಎದೆ ಕಲ್ಲಾಗಿತ್ತು ಎಂಬಂತೆ ಹೇಳಿಬಿಡುತ್ತಾರೆ. ಮಗ ಮರಳಿದ್ದು 1966ರ ಜನವರಿಯಲ್ಲಿ. ಅಷ್ಟು ತಿಂಗಳು ‘ರೋಶನಾರಾ’ ಎಂಬ ಆ ಮನೆಯಲ್ಲಿ ಅಪ್ಪ ಹೇಗೆ ಕಳೆದಿರಬೇಕು! ಒಪ್ಪಿದ್ದರೆ ಮಗ ಬೇಗ ಬರುತ್ತಿದ್ದ ಎಂಬುದು ಗೊತ್ತಿದ್ದೇ ಕಾಯುವುದು, ಬೇರೆ ದಾರಿಯಿಲ್ಲದೆ ಕಾಯುವುದಕ್ಕಿಂತ ಕಷ್ಟ. ಅತ್ತ ಅಯೂಬರ ಹೆಂಡತಿ ಆಸ್ಪತ್ರೆಗೆ ಹೋಗಿ ಹುಡುಗನನ್ನು ನೋಡಿಕೊಂಡು ಬಂದರು. ಹದಿನೆಂಟು ವರ್ಷದ ಹಿಂದೆ ಒಂದೇ ಪಡೆಯಲ್ಲಿದ್ದವರ ಸಲಿಗೆ ಗಡಿ ಹಾಕಿದ ಮೇಲೂ ಸತ್ತಿರಲಿಲ್ಲ. ನಂದಾ ಕಾರಿಯಪ್ಪ ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು, ಅಪ್ಪನ ಜೀವನಚರಿತ್ರೆಯನ್ನು ತಾವೇ ಬರೆದರು.

ತಿಮ್ಮಯ್ಯನವರ ಮನೆಯ ಕಥೆ ಇವೆರಡಕ್ಕಿಂತ ತೊಡಕಿನದು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತದ ಸೈನ್ಯದ ಅಧಿಕಾರಿಯಾಗಿ ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ಎದುರು ಹೋರಾಡಿದರು. ಅವರ ಅಣ್ಣ ಪೊನ್ನಪ್ಪ ಸೇರಿದ್ದು ಜಪಾನೀಯರ ಜೊತೆ ನಿಂತ ಆಜಾದ್ ಹಿಂದ್ ಫೌಜನ್ನು. ಒಂದೇ ತಾಯಿಯ ಮಕ್ಕಳು ಎದುರುಬದುರು. ಇಬ್ಬರೂ ದೇಶಕ್ಕಾಗಿಯೇ ನಿಂತಿದ್ದೇವೆ ಎಂದು ನಂಬಿದವರು. ಇವರಲ್ಲಿ ಯಾರು ಸರಿ ಎಂದು ಇಂದು ಕುರ್ಚಿಯಲ್ಲಿ ಕೂತು ತೀರ್ಪು ಹೇಳುವುದು ಸುಲಭ, ಅದು ನ್ಯಾಯವಲ್ಲ. ಇಬ್ಬರಿಗೂ ಐನ್‌ಮನೆ ಒಂದೇ, ನೆನೆಯುವ ಕಾರೋಣನೂ ಒಬ್ಬನೇ. ಮೂರನೆಯವರಾದ ತಮ್ಮ ಸೋಮಯ್ಯನವರೂ ಸೈನ್ಯದ ಅಧಿಕಾರಿ. 1947–48ರ ಕಾಶ್ಮೀರ ಕಾರ್ಯಾಚರಣೆಯ ಕಾಲದಲ್ಲಿ ನೆಲಬಾಂಬಿನ ಅವಘಡದಲ್ಲಿ ತೀರಿಕೊಂಡರು. ಅದೇ ಕಾಶ್ಮೀರದಲ್ಲಿ ತಿಮ್ಮಯ್ಯ ಡಿವಿಜನ್ ಒಂದರ ಮುಂದಾಳು. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದವರು. ಗೆಲುವಿನ ಪಾಠ ಪುಸ್ತಕಗಳಲ್ಲಿದೆ. ತಮ್ಮನ ಸಾವಿನ ಸಾಲು ಬಹಳ ಕಡೆ ಇಲ್ಲ.

ಅಣ್ಣತಮ್ಮಂದಿರ ನಡುವೆ ಯುದ್ಧ ಎಳೆದ ಗೆರೆಯನ್ನು ಸ್ವಂತ ಮನೆಯಲ್ಲಿ ಕಂಡ ಈ ಮನುಷ್ಯನಿಗೆ 1953ರಲ್ಲಿ ಕೊರಿಯಾದ ಕೆಲಸ ಬಂತು. ಕದನವಿರಾಮವಾದರೂ ತಮ್ಮ ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳಿದ್ದರು. ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಪ್ರತಿ ಸೆರೆಯಾಳಿಗೂ ಅವನ ದೇಶದ ಪ್ರತಿನಿಧಿಗಳು ಊರಿನ, ಮನೆಯ ಮಾತು ಹೇಳಿ ಒಲಿಸಲು ಅವಕಾಶ ಕೊಡಬೇಕಿತ್ತು, ಬಲವಂತ ಮಾಡುವಂತಿರಲಿಲ್ಲ. ಅಪ್ಪ ಅಮ್ಮ ಇರುವ ಊರು ಬೇಕೋ, ಬೇಡದ ಆಳ್ವಿಕೆಯಿಂದ ಬಿಡುಗಡೆ ಬೇಕೋ ಎಂದು ಇಪ್ಪತ್ತರ ಹರೆಯದ ಹುಡುಗರು ಡೇರೆಯೊಳಗೆ ಹೇಳಬೇಕು.  ಎರಡೂ ಕಡೆ ಬೇಡವೆಂದ 88 ಮಂದಿ 1954ರಲ್ಲಿ ಭಾರತದ ಪಡೆಯ ಜೊತೆ ಇಲ್ಲಿಗೇ ಬಂದರು. ತಿಮ್ಮಯ್ಯ ಮುಂದೆ ದಂಡನಾಯಕರಾದರು, ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ತೀರಿಕೊಂಡರು.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಸೇನಾಧಿಕಾರಿಗಳ ಬದುಕು ಅಲ್ಲಿ ಗಾಜಿನೊಳಗೆ ಭದ್ರವಾಗಿದೆ. ಭದ್ರವಾಗದೆ ಉಳಿದದ್ದು ಕುಟ್ಟ, ಶ್ರೀಮಂಗಲ, ಪೊನ್ನಂಪೇಟೆಗಳ ಮನೆಮನೆಯ ಟ್ರಂಕುಗಳಲ್ಲಿದೆ: ಗಡಿಯಿಂದ ಬಂದ ಇನ್‌ಲ್ಯಾಂಡ್ ಪತ್ರ, ತಂತಿ, ಪಿಂಚಣಿ ಕಾಗದ, ಯಾರದೆಂದು ಮಕ್ಕಳಿಗೆ ಗೊತ್ತಿಲ್ಲದ ಫೋಟೊ. ಮಳೆಗಾಲದ ಥಂಡಿಗೆ ಕಾಗದ ಬೂಸಲು ಹಿಡಿಯುತ್ತದೆ. 1965ರಲ್ಲಿ ಇಪ್ಪತ್ತೈದರ ಹೆಂಗಸಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಗಂಡಸರು ರೆಜಿಮೆಂಟಿನ ದಾಖಲೆಯಲ್ಲಾದರೂ ಸಿಗುತ್ತಾರೆ. ಮನೆ, ಗದ್ದೆ, ಮಕ್ಕಳು, ಅತ್ತೆಮಾವಂದಿರನ್ನು ಒಬ್ಬಳೇ ನಿಭಾಯಿಸಿದವಳ ನೆನಪು ಅವಳ ಬಾಯಲ್ಲಿ ಮಾತ್ರ ಇದೆ.

ನೂರು ವರ್ಷದ ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಹಿರಿಯರ ಬಾಯಿಂದ ಹಾಡು, ಪದ್ಧತಿಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದರು. ಅವರು ಕೂಡಿಸದಿದ್ದರೆ ಎಷ್ಟು ಹೋಗಿಬಿಡುತ್ತಿತ್ತೋ! ಯುದ್ಧದ ಮನೆಗಳ ನೆನಪಿಗೂ ಅಂಥ ಒಬ್ಬರು ಬೇಕು, ಒಬ್ಬರಲ್ಲ, ಊರಿಗೊಬ್ಬರು ಬೇಕು. ಈ ಸಭೆಯಲ್ಲಿರುವ ಕಾಲೇಜಿನ ಮಕ್ಕಳ ಕೈಯಲ್ಲಿ ದನಿ ಹಿಡಿಯುವ ಫೋನ್ ಇದೆ. ಬರುವ ಪುತ್ತರಿ ಹಬ್ಬಕ್ಕೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರಿದಾಗ ಅಜ್ಜಿಯಂದಿರ ಪಕ್ಕ ಕೂತು ಕೇಳಲಿ: ಅಜ್ಜ ಯಾವ ವರ್ಷ ಹೋದರು, ಮೊದಲ ಪತ್ರ ಯಾವಾಗ ಬಂತು, ಪತ್ರ ಬಾರದ ತಿಂಗಳುಗಳಲ್ಲಿ ಮನೆಯಲ್ಲಿ ಏನು ನಡೆಯಿತು, ಗದ್ದೆ ಯಾರು ನೋಡಿಕೊಂಡರು. ಅವರು ಹೇಳಿದ ಹೆಸರನ್ನೂ ಇಸವಿಯನ್ನೂ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಲಿ. ಶಾಯಿ ಬೇಡ, ಅದು ಕಾಗದದ ಈಚೆಗೆ ಇಳಿದು ಮುಖವನ್ನು ಕೆಡಿಸುತ್ತದೆ.